ಘಾನಾದ ರಾಲಿಂಗ್ಸ್ ಕಥೆಯನ್ನು ಒಂದು ಗಂಟೆಯಲ್ಲಿ ಹೇಳುವುದು ಹೇಗೆ

ಕಲಬುರಗಿಯಲ್ಲಿ ಭಾನುವಾರಕ್ಕೊಮ್ಮೆ ಡಿಗ್ರಿ ಹುಡುಗ ಹುಡುಗಿಯರಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಸೈನ್ಯದಿಂದ ಬಂದು ಅಧ್ಯಕ್ಷರಾದವರ ಬಗ್ಗೆ ಸೆಮಿನಾರ್ ಮಾಡಬೇಕು, ಯಾರನ್ನು ತಗೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವ ಹೆಸರು ಒಂದೇ. ಪಶ್ಚಿಮ ಆಫ್ರಿಕಾದ ಘಾನಾದ ಜೆರ್ರಿ ಜಾನ್ ರಾಲಿಂಗ್ಸ್. ಈ ಮನುಷ್ಯ ಎರಡು ಸಲ ಬಂದೂಕಿನಿಂದ ಅಧಿಕಾರ ಹಿಡಿದ, ಎರಡು ಸಲ ಚುನಾವಣೆ ಗೆದ್ದ, ಎರಡು ಸಲ ಅಧಿಕಾರ ಬಿಟ್ಟುಕೊಟ್ಟ. ಇಂಥ ಇನ್ನೊಬ್ಬರು ಸಿಗುವುದು ಕಷ್ಟ.

ಮೊದಲ ಸಲ ನಾನು ಈ ಪಾಠ ಮಾಡಿದಾಗ ತಪ್ಪಾಯಿತು. ಕಥೆ ರಂಗೇರಲಿ ಎಂದು ನೇರವಾಗಿ 1979ರ ಜೂನ್‌ನಿಂದ ಶುರು ಮಾಡಿದೆ. ಮೂವತ್ತೊಂದು ವರ್ಷದ ಪೈಲಟ್ ಜೈಲಿನಿಂದ ಹೊರಗೆ ಬರುತ್ತಾನೆ, ಸರ್ಕಾರ ಉರುಳುತ್ತದೆ, ದೇಶವನ್ನು ಲೂಟಿ ಮಾಡಿದರು ಎಂದು ದೊಡ್ಡ ದೊಡ್ಡ ಜನರಲ್‌ಗಳನ್ನು ಗುಂಡಿಕ್ಕಿ ಕೊಲ್ಲುತ್ತಾರೆ ಎಂದೆ. ಹುಡುಗರು ಚಪ್ಪಾಳೆ ಹೊಡೆದರು. "ನಮ್ಮ ಕಡೀನೂ ಹಿಂಗೇ ಆಗ್ಬೇಕ್ರಿ ಸರ್" ಎಂದ ಒಬ್ಬ. ಆಗ ಕಿಟಕಿ ಪಕ್ಕ ಕೂತಿದ್ದ ಒಬ್ಬ ಹುಡುಗಿ ಪೆನ್ನು ಕೆಳಗಿಟ್ಟು ಕೇಳಿದಳು: "ಸರ್, ಅವರಿಗೆ ವಕೀಲರನ್ನ ಕೊಟ್ಟಿದ್ರೇನ್ರಿ?"

ಸದ್ದೇ ಇಲ್ಲ. ಅವತ್ತಿನಿಂದ ನಾನು ಈ ಕಥೆ ಹೇಳುವ ಕ್ರಮ ಬದಲಾಯಿತು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹದಿನೈದು ನಿಮಿಷ ರಾಲಿಂಗ್ಸ್ ಹೆಸರೇ ಬೇಡ

ಬೋರ್ಡಿನ ಮೇಲೆ ಮ್ಯಾಪ್ ಬರೆಯಿರಿ. ಕೆಳಗೆ ಸಮುದ್ರ, ಎಡಕ್ಕೆ ಐವರಿ ಕೋಸ್ಟ್, ಬಲಕ್ಕೆ ಟೋಗೊ, ಮೇಲೆ ಬುರ್ಕಿನಾ ಫಾಸೊ, ನಡುವೆ ಘಾನಾ. 1957ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ, ಕ್ವಾಮೆ ಎನ್‌ಕ್ರುಮಾ ನಾಯಕ. 1966ರಲ್ಲಿ ಸೈನ್ಯ ಅವರನ್ನು ಇಳಿಸಿತು. 1972ರಲ್ಲಿ ಮತ್ತೆ ಸೈನ್ಯ ಬಂತು, ಈ ಸಲ ಅಚಂಪಾಂಗ್ ಎಂಬ ಸೈನ್ಯಾಧಿಕಾರಿ. 1978ರಲ್ಲಿ ಅಚಂಪಾಂಗ್ ಜೊತೆಗಿದ್ದ ಅಧಿಕಾರಿಗಳೇ ಅವರನ್ನು ಕೆಳಗಿಳಿಸಿ ಅಕುಫೊ ಅವರನ್ನು ಕೂರಿಸಿದರು. ಇದಿಷ್ಟನ್ನು ಬೇಗ ಮುಗಿಸಿ.

ನಿಧಾನ ಮಾಡಬೇಕಾದ್ದು ಕೋಕೋ ಹತ್ತಿರ. ಚಾಕೊಲೇಟ್ ಮಾಡುವ ಕೋಕೋ ಬೀಜವೇ ಘಾನಾದ ಜೀವಾಳ. ನಮ್ಮ ಮಕ್ಕಳಿಗೆ ಇದು ತಿಳಿಯಬೇಕಾದರೆ ತೊಗರಿಯಿಂದ ಶುರು ಮಾಡಿ. ಎಪಿಎಂಸಿ ಯಾರ್ಡಿನಲ್ಲಿ ತೊಗರಿ ಚೀಲ ಇಳಿಸಿದ ರೈತ ರೇಟು ಸರಿ ಇಲ್ಲ ಅನಿಸಿದರೆ ಇನ್ನೊಂದು ಅಡತ್ ಅಂಗಡಿಗೆ ಹೋಗಬಹುದು, ಖರೀದಿ ಕೇಂದ್ರ ತೆರೆಯುವತನಕ ಕಾಯಬಹುದು, ಏನೂ ಆಗದಿದ್ದರೆ ವಾಪಸ್ ಮನೆಗೆ ಒಯ್ಯಬಹುದು. ಘಾನಾದ ರೈತನಿಗೆ ಇದ್ದದ್ದು ಒಂದೇ ಬಾಗಿಲು. ಸರ್ಕಾರದ ಕೋಕೋ ಮಾರ್ಕೆಟಿಂಗ್ ಬೋರ್ಡ್ ಹೇಳಿದ ರೇಟಿಗೆ ಅದಕ್ಕೇ ಮಾರಬೇಕು. ಬೋರ್ಡ್ ಅದನ್ನು ಹೊರದೇಶಕ್ಕೆ ಡಾಲರ್‌ನಲ್ಲಿ ಮಾರುತ್ತಿತ್ತು. ಆದರೆ ಒಂದು ಡಾಲರ್‌ಗೆ ಸರ್ಕಾರಿ ಲೆಕ್ಕದಲ್ಲಿ 2.75 ಸೆಡಿ (ಘಾನಾದ ಹಣ) ಮಾತ್ರ, 1978ರಿಂದ 1983ರವರೆಗೂ ಅಷ್ಟೇ. ಕಾಳಸಂತೆಯಲ್ಲಿ ಅದೇ ಡಾಲರ್‌ಗೆ ಎಷ್ಟೋ ಪಟ್ಟು ಜಾಸ್ತಿ. ರೈತನಿಗೆ ಸಿಗುತ್ತಿದ್ದದ್ದು ಸರ್ಕಾರಿ ಲೆಕ್ಕದ ಸೆಡಿ, ಅಂಗಡಿಯಲ್ಲಿ ಕೊಡಬೇಕಾದದ್ದು ಕಾಳಸಂತೆಯ ರೇಟು. ಹಾಗಾಗಿ ಅವನ ಕೈಗೆ ಬಂದ ಹಣದಲ್ಲಿ ಸಾಬೂನು ಕೊಳ್ಳುವುದೂ ಕಷ್ಟವಾಯಿತು. ರೈತರು ಏನು ಮಾಡಿದರು? ಕೆಲವರು ಚೀಲಗಳನ್ನು ಕದ್ದುಮುಚ್ಚಿ ಗಡಿ ದಾಟಿಸಿ ಐವರಿ ಕೋಸ್ಟ್, ಟೋಗೊ ಕಡೆ ಮಾರಿದರು, ಇನ್ನು ಕೆಲವರು ಗಿಡ ನೋಡಿಕೊಳ್ಳುವುದನ್ನೇ ಬಿಟ್ಟರು. 1960ರ ದಶಕದ ಮಧ್ಯದಲ್ಲಿ ಐದೂವರೆ ಲಕ್ಷ ಟನ್ ದಾಟಿದ್ದ ಬೆಳೆ 1983-84ರ ಹೊತ್ತಿಗೆ ಸುಮಾರು 1.6 ಲಕ್ಷ ಟನ್‌ಗೆ ಇಳಿಯಿತು. ಅವತ್ತಿನ ತೊಗರಿ ರೇಟನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು ಈ ಮಾತು ಹೇಳಿ ನೋಡಿ, ಹಳ್ಳಿಯಿಂದ ಬಂದ ಮಕ್ಕಳು ನೀವು ಮುಗಿಸುವ ಮೊದಲೇ ಉಳಿದದ್ದನ್ನು ಅವರೇ ಹೇಳುತ್ತಾರೆ.

ಇಲ್ಲೇ ಒಂದು ಪದ ಕಲಿಸಿ: ಕಲಬುಲೆ. ಘಾನಾದ ಜನ ಆ ಕಾಲದ ಕಾಳಸಂತೆ, ಲಂಚ, ದುಪ್ಪಟ್ಟು ರೇಟು ಎಲ್ಲಕ್ಕೂ ಸೇರಿಸಿ ಇಟ್ಟ ಹೆಸರು ಅದು. ನಮ್ಮ ಕಲಬೆರಕೆಗೂ ಅದಕ್ಕೂ ಸಂಬಂಧ ಇಲ್ಲ, ಆದರೆ ಹಾಗೆ ಜೋಡಿಸಿಕೊಂಡರೆ ಪರೀಕ್ಷೆಯವರೆಗೂ ಮರೆಯುವುದಿಲ್ಲ.

1979: ತಾರೀಖಿನ ಮೇಲೆ ಬೆರಳಿಟ್ಟು ಹೇಳಿ

ಈಗ ರಾಲಿಂಗ್ಸ್ ಬರಲಿ. ಹುಟ್ಟಿದ್ದು 1947ರಲ್ಲಿ ರಾಜಧಾನಿ ಅಕ್ರಾದಲ್ಲಿ. ತಾಯಿ ಎವೆ ಸಮುದಾಯದವರು, ತಂದೆ ಸ್ಕಾಟ್ಲೆಂಡಿನವರು. ಅಚಿಮೋಟಾ ಶಾಲೆಯಲ್ಲಿ ಓದಿ ವಾಯುಪಡೆ ಸೇರಿ ಫ್ಲೈಟ್ ಲೆಫ್ಟಿನೆಂಟ್ ಆದ. ಯೂನಿಫಾರ್ಮ್, ಕಪ್ಪು ಕನ್ನಡಕದ ಫೋಟೋ ಸಿಕ್ಕಾಪಟ್ಟೆ ಸಿಗುತ್ತವೆ. ಅದನ್ನು ಮೊದಲ ಸ್ಲೈಡಿಗೆ ಹಾಕಬೇಡಿ. ಆ ಫೋಟೋ ನೋಡಿದ ಕೂಡಲೇ ಅರ್ಧ ಕ್ಲಾಸು ಅಭಿಮಾನಿಗಳಾಗುತ್ತಾರೆ, ಆಮೇಲೆ ನೀವು ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ.

ಮೇ 15: ಕೆಲವೇ ಸಿಪಾಯಿಗಳ ಜೊತೆ ದಂಗೆಗೆ ಕೈ ಹಾಕಿ ಸಿಕ್ಕಿಬಿದ್ದ. ಬಹಿರಂಗ ವಿಚಾರಣೆ ನಡೆಯಿತು. ಅಲ್ಲಿ ನನ್ನ ಜೊತೆಗಿದ್ದವರನ್ನು ಬಿಟ್ಟುಬಿಡಿ, ಹೊಣೆಯೆಲ್ಲ ನನ್ನದು ಎಂದ. ಆ ಒಂದು ಮಾತಿಗೆ ಅವನ ಹೆಸರು ಊರೂರಿಗೆ ಹಬ್ಬಿತು. ಅದನ್ನು ಮುಚ್ಚಿಡಬೇಡಿ, ನಿಜಕ್ಕೂ ಧೈರ್ಯದ ಮಾತು ಅದು.

ಜೂನ್ 4: ಸಿಪಾಯಿಗಳು ಅವನನ್ನು ಬಿಡಿಸಿದರು, ಅಕುಫೊ ಸರ್ಕಾರ ಬಿತ್ತು.

ಜೂನ್ 16: ಅಚಂಪಾಂಗ್ ಮತ್ತು ಇನ್ನೊಬ್ಬ ಅಧಿಕಾರಿಯನ್ನು ಗುಂಡಿಕ್ಕಿ ಕೊಂದರು.

ಜೂನ್ 18: ಮೊದಲೇ ಗೊತ್ತುಮಾಡಿದ್ದ ಚುನಾವಣೆ ಅದೇ ದಿನಕ್ಕೆ ನಡೆಯಿತು.

ಜೂನ್ 26: ಅಕುಫೊ, 1966ರಲ್ಲಿ ಬಂದ ಸೈನಿಕ ಸರ್ಕಾರವನ್ನು ಆಮೇಲೆ ಮುನ್ನಡೆಸಿದ್ದ ಅಫ್ರಿಫಾ ಸೇರಿ ಇನ್ನೂ ಆರು ಜನರ ಕೊಲೆ. ಒಟ್ಟು ಎಂಟು ಜನ, ಅವರಲ್ಲಿ ಮೂವರು ದೇಶ ಆಳಿದವರು.

16, 18, 26. ಈ ಮೂರನ್ನು ಒಂದರ ಕೆಳಗೊಂದು ಬರೆದು ಅರ್ಧ ನಿಮಿಷ ಸುಮ್ನೆ ನಿಂತುಬಿಡಿ. ಎರಡು ಗುಂಡೇಟಿನ ದಿನಗಳ ನಡುವೆ ಒಂದು ಮತದಾನದ ದಿನ. ವಕೀಲರನ್ನು ಕೊಟ್ಟಿದ್ದರಾ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ, ಬರದಿದ್ದರೆ ನೀವೇ ಎತ್ತಿ. ಅದು ಕೋರ್ಟು ಎನ್ನಬಹುದಾದ ವಿಚಾರಣೆ ಆಗಿರಲಿಲ್ಲ. ಆರೋಪ ಹೊತ್ತವರ ತಪ್ಪು ಎಷ್ಟು, ಯಾರದು ಹೆಚ್ಚು, ಯಾರದು ಕಡಿಮೆ ಎಂದು ಸಾಕ್ಷಿ ಹಿಡಿದು ತೂಗಿದವರಿಲ್ಲ.

ಮಕೋಲಾ ಮಾರ್ಕೆಟ್ ಬಿಡಬೇಡಿ. ಅಕ್ರಾದ ಈ ಮಾರ್ಕೆಟ್ಟಿನಲ್ಲಿ ವ್ಯಾಪಾರ ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ಕಲಬುಲೆಗೆಲ್ಲ ಇವರೇ ಕಾರಣ ಎಂದು 1979ರ ಆಗಸ್ಟ್‌ನಲ್ಲಿ ಸೈನಿಕರು ಮಾರ್ಕೆಟ್ಟನ್ನೇ ಕೆಡವಿದರು. ನಮ್ಮ ಸೂಪರ್ ಮಾರ್ಕೆಟ್ ಹತ್ತಿರ ಸೊಪ್ಪು, ಹಸಿಮೆಣಸಿನಕಾಯಿ ಗುಡ್ಡೆ ಹಾಕಿಕೊಂಡು ಕೂತ ಅವ್ವಂದಿರನ್ನು ನೆನಪಿಸಿಕೊಳ್ಳಿ ಎಂದು ಹೇಳಿ. ದೇಶದ ಬೆಲೆಯೇರಿಕೆಗೆ ಆ ಅವ್ವನ ತಕ್ಕಡಿ ಕಾರಣ ಎಂದು ಒಬ್ಬ ಸೈನಿಕ ನಂಬಿದರೆ ಏನಾಗುತ್ತದೆ ಎಂದು ಮಕ್ಕಳಿಗೆ ಬೇರೆ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಇನ್ನೊಂದು ಮುಖ. ಸೆಪ್ಟೆಂಬರ್ 24ರಂದು, ಚುನಾವಣೆ ಗೆದ್ದ ಹಿಲ್ಲಾ ಲಿಮಾನ್ ಅವರಿಗೆ ರಾಲಿಂಗ್ಸ್ ಅಧಿಕಾರ ಒಪ್ಪಿಸಿದ. ನಾಲ್ಕು ತಿಂಗಳೂ ತುಂಬಿರಲಿಲ್ಲ.

1983ಕ್ಕೆ ಒಂದು ಚೀಲ ತನ್ನಿ

1981ರ ಡಿಸೆಂಬರ್ 31ರಂದು ಆತ ಲಿಮಾನ್ ಸರ್ಕಾರವನ್ನೇ ಉರುಳಿಸಿ ಮತ್ತೆ ಬಂದ. ಈ ಸಲ ಹನ್ನೊಂದು ವರ್ಷ ತಾನು ಚುನಾವಣೆಗೆ ನಿಲ್ಲದೆ ಆಳಿದ. ಇದನ್ನು ಹೇಳುವಾಗ ಬಹಳ ಜನ ನೇರವಾಗಿ 1992ಕ್ಕೆ ಹಾರುತ್ತಾರೆ. ದಯವಿಟ್ಟು ಹಾರಬೇಡಿ. ಕಥೆಯ ತಿರುಳು ಇಲ್ಲೇ ಇದೆ.

1982ರ ಜೂನ್ 30ರ ರಾತ್ರಿ ಹೈಕೋರ್ಟಿನ ಮೂವರು ನ್ಯಾಯಾಧೀಶರನ್ನೂ ಒಬ್ಬ ನಿವೃತ್ತ ಮೇಜರನ್ನೂ ಮನೆಯಿಂದ ಎಳೆದೊಯ್ದು ಕೊಂದರು. 1979ರ ಸೈನಿಕ ಸರ್ಕಾರ ಜೈಲಿಗೆ ಹಾಕಿದ್ದವರನ್ನು ಬಿಡುಗಡೆ ಮಾಡಿದ್ದ ನ್ಯಾಯಾಧೀಶರು ಅವರು. ಒಬ್ಬರು ಹಾಲುಣ್ಣುವ ಕೂಸಿನ ತಾಯಿ. ರಾಲಿಂಗ್ಸ್‌ನ ಆಡಳಿತ ಮಂಡಳಿಯ ಸದಸ್ಯನೇ ಆಗಿದ್ದ ಅಮಾರ್ಟೆ ಕ್ವೇ ಎಂಬಾತನೂ ಸೇರಿ ಕೆಲವರಿಗೆ ಇದಕ್ಕಾಗಿ ಮರಣದಂಡನೆ ಆಯಿತು. ಆದರೆ ಅನುಮಾನ ಇನ್ನೂ ಮೇಲಕ್ಕೆ ಹೋಗುತ್ತದೆ ಎಂಬ ಮಾತು ಘಾನಾದಲ್ಲಿ ನಿಲ್ಲಲೇ ಇಲ್ಲ. ಕೊಲೆಯಾದವರ ಹೆಸರುಗಳನ್ನು ಒಬ್ಬ ವಿದ್ಯಾರ್ಥಿಯಿಂದ ಎದ್ದು ನಿಂತು ಓದಿಸಿ: ಸಿಸಿಲಿಯಾ ಕೊರಾಂಟೆಂಗ್ ಅಡ್ಡೊ, ಫ್ರೆಡ್ ಸರ್ಕೋಡಿ, ಕ್ವಾಜೊ ಅಗ್ಯೆಪಾಂಗ್, ಮೇಜರ್ ಸ್ಯಾಮ್ ಅಕ್ವಾ. ಉಚ್ಚಾರ ತಪ್ಪಾದರೂ ಪರವಾಗಿಲ್ಲ, ಹೆಸರು ಬಾಯಿಗೆ ಬರಬೇಕು.

1983ರ ಜನವರಿಯಲ್ಲಿ ನೈಜೀರಿಯಾ ದಾಖಲೆ ಇಲ್ಲದ ಹೊರದೇಶದವರನ್ನು ಹೊರಹಾಕಿತು. ಹತ್ತು ಲಕ್ಷದಷ್ಟು ಘಾನಾದವರು ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬಂದರು. ಅದೇ ವರ್ಷ ಬರ, ಕಾಡ್ಗಿಚ್ಚು. ಈ ಭಾಗಕ್ಕೆ ನಾನು ಕ್ಲಾಸಿಗೆ ಒಂದು ಚೀಲ ಒಯ್ಯುತ್ತೇನೆ. ನೀಲಿ, ಕೆಂಪು ಗೆರೆಯ ಚೌಕಳಿ ಪ್ಲಾಸ್ಟಿಕ್ ಚೀಲ, ಮೇಲೆ ಜಿಪ್ ಇರುತ್ತದಲ್ಲ, ಅದೇ. ನಮ್ಮ ರೈಲ್ವೆ ಸ್ಟೇಷನ್‌ನಲ್ಲಿ ಮುಂಬೈ ಗಾಡಿ ಬರುವ ಹೊತ್ತಿಗೆ ಪ್ಲಾಟ್‌ಫಾರ್ಮಿನ ತುಂಬ ಕಾಣುತ್ತವೆ. ಜೋಳದ ರೊಟ್ಟಿ ಗಂಟು, ಹಾಸಿಗೆ, ಪಾತ್ರೆ, ಮಕ್ಕಳ ಬಟ್ಟೆ ಎಲ್ಲ ಅದರಲ್ಲೇ. ಪಶ್ಚಿಮ ಆಫ್ರಿಕಾದಲ್ಲಿ ಈ ಚೀಲಕ್ಕೆ ಇವತ್ತಿಗೂ "ಘಾನಾ ಮಸ್ಟ್ ಗೋ" ಎನ್ನುತ್ತಾರೆ, ಅಂದರೆ ಘಾನಾದವರು ಹೊರಡಲೇಬೇಕು. ಚೀಲವನ್ನು ಟೇಬಲ್ ಮೇಲಿಟ್ಟು ಇಷ್ಟು ಹೇಳಿ. ದುಡಿಯೋಕೆ ಪುಣೆಗೆ, ಮುಂಬೈಗೆ ಹೋದ ಅಪ್ಪ ಅವ್ವ ಇರುವ ಮಕ್ಕಳು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವರ ಮುಖ ನೋಡಿಕೊಂಡು ಮಾತಾಡಿ.

ಆ ವರ್ಷ ಹಸಿವಿನಿಂದ ಜನರ ಕತ್ತಿನ ಕೆಳಗಿನ ಎಲುಬು ಎದ್ದು ಕಾಣುತ್ತಿತ್ತು. ಅದಕ್ಕೆ ಜನ "ರಾಲಿಂಗ್ಸ್ ಸರ" ಎಂದು ಹೆಸರಿಟ್ಟರು. ಮನೆಯಲ್ಲಿ 72ರ ಬರ ಕಂಡ ಹಿರಿಯರಿದ್ದರೆ ಅವರನ್ನು ಕೇಳಿಕೊಂಡು ಬನ್ನಿ ಎಂದು ಹಿಂದಿನ ವಾರವೇ ಹೇಳಿಕಳಿಸಿ. ಏನು ತಿಂದರು, ಯಾವ ಕೆಲಸಕ್ಕೆ ಹೋದರು ಎಂದು ಬರೆದುಕೊಂಡು ಬಂದವರು ಇದನ್ನು ಬೇರೆಯ ಥರವೇ ಕೇಳಿಸಿಕೊಳ್ಳುತ್ತಾರೆ.

ಅದೇ 1983ರಲ್ಲಿ, ಎಡಪಂಥದ ಮಾತಾಡುತ್ತಿದ್ದ ಸರ್ಕಾರ ಐಎಂಎಫ್ ಮತ್ತು ವಿಶ್ವಬ್ಯಾಂಕ್ ಜೊತೆ ಕೈಜೋಡಿಸಿತು. ಸೆಡಿ ಬೆಲೆ ಇಳಿಸಿದರು, 1986ರ ಹೊತ್ತಿಗೆ ಡಾಲರ್‌ಗೆ 90 ಸೆಡಿ. ಕೋಕೋ ರೈತನಿಗೆ ಕೊಡುವ ರೇಟು ಏರಿಸಿದರು, ಬೆಳೆ ಚೇತರಿಸಿಕೊಂಡಿತು. ಇನ್ನೊಂದು ಕಡೆ ಸಾವಿರಾರು ಜನ ಸರ್ಕಾರಿ ಕೆಲಸ ಕಳಕೊಂಡರು, ಆಸ್ಪತ್ರೆ, ಶಾಲೆಯ ಫೀಸು ಹೆಚ್ಚಿತು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ.

ಚುನಾವಣೆ, ಮತ್ತೆ ನಮ್ಮ ಊರಿನ ಮಾತು

ಇದಕ್ಕೆ ಹತ್ತು ನಿಮಿಷ ಸಾಕು. 1992ರಲ್ಲಿ ಹೊಸ ಸಂವಿಧಾನಕ್ಕೆ ಜನಮತ, ನವೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆ. ರಾಲಿಂಗ್ಸ್‌ಗೆ ಶೇ 58ರಷ್ಟು ಮತ. ಮೋಸ ನಡೆದಿದೆ ಎಂದು ವಿರೋಧ ಪಕ್ಷಗಳು ಆಮೇಲಿನ ಸಂಸತ್ ಚುನಾವಣೆಗೆ ನಿಲ್ಲಲೇ ಇಲ್ಲ. 1996ರಲ್ಲಿ ಎಲ್ಲರೂ ನಿಂತರು, ಆತ ಮತ್ತೆ ಗೆದ್ದ. ಸಂವಿಧಾನದ ಪ್ರಕಾರ ಎರಡೇ ಅವಧಿ. 2000ದಲ್ಲಿ ಆತ ನಿಲ್ಲಲಿಲ್ಲ, ಅವನ ಉಪಾಧ್ಯಕ್ಷ ಅಟ್ಟಾ ಮಿಲ್ಸ್ ಸೋತರು, ವಿರೋಧ ಪಕ್ಷದ ಕುಫೂರ್ ಗೆದ್ದರು. 2001ರ ಜನವರಿ 7ರಂದು ರಾಲಿಂಗ್ಸ್ ಕುರ್ಚಿ ಬಿಟ್ಟು ಮನೆಗೆ ಹೋದ. ಘಾನಾದಲ್ಲಿ ಚುನಾಯಿತ ಸರ್ಕಾರವೊಂದು ಇನ್ನೊಂದು ಪಕ್ಷದ ಚುನಾಯಿತ ಸರ್ಕಾರಕ್ಕೆ ಅಧಿಕಾರ ಕೊಟ್ಟದ್ದು ಅದೇ ಮೊದಲು. ಆದರೆ ಅದೇ 1992ರ ಸಂವಿಧಾನದಲ್ಲಿ, ದಂಗೆ ಎದ್ದು ಆಳಿದವರ ಮೇಲೆ ಕೇಸು ಹಾಕುವಂತಿಲ್ಲ ಎಂಬ ರಕ್ಷಣೆಯೂ ಇದೆ. ಆತ ತೀರಿಕೊಂಡದ್ದು 2020ರ ನವೆಂಬರ್ 12, ಅಕ್ರಾದಲ್ಲಿ, 73ನೇ ವಯಸ್ಸಿಗೆ.

"ನಮ್ಮಲ್ಲಿ ಮಿಲಿಟರಿ ಆಳಿದ್ದೇ ಇಲ್ವಲ್ರಿ ಸರ್" ಎಂದು ಯಾರಾದರೂ ಹೇಳುತ್ತಾರೆ. ಆಗ ಸೆಪ್ಟೆಂಬರ್ 17 ಯಾಕೆ ನಮಗೆ ದೊಡ್ಡ ದಿನ ಎಂದು ಕೇಳಿ. 1948ರ ಪೊಲೀಸ್ ಆಕ್ಷನ್, ಅಂದರೆ ಭಾರತದ ಸೈನ್ಯ ಹೈದರಾಬಾದಿಗೆ ನುಗ್ಗಿದ ಕಾರ್ಯಾಚರಣೆ, ಆದ ಮೇಲೆ ನಿಜಾಮರ ಹೈದರಾಬಾದ್ ರಾಜ್ಯಕ್ಕೆ, ಅಂದರೆ ಕಲಬುರಗಿ, ಬೀದರ್‌ಗೂ, 1949ರ ಕೊನೆಯವರೆಗೆ ಮೇಜರ್ ಜನರಲ್ ಜೆ. ಎನ್. ಚೌಧರಿ ಮಿಲಿಟರಿ ಗವರ್ನರ್ ಆಗಿದ್ದರು. ವ್ಯತ್ಯಾಸ ಏನು ಎಂದು ಮಕ್ಕಳೇ ಹುಡುಕಲಿ: ಅವರನ್ನು ಕಳಿಸಿದ್ದು ದಿಲ್ಲಿ ಸರ್ಕಾರ, ವಾಪಸ್ ಕರೆದದ್ದೂ ಅದೇ ಸರ್ಕಾರ, 1952ರಲ್ಲಿ ಜನ ಮತ ಹಾಕಿದರು. ಈ ಮಾತು ಎತ್ತಿದಾಗ ಒಂದು ಎಚ್ಚರ ಬೇಕು. ರಜಾಕಾರರ (ನಿಜಾಮರ ಪರ ನಿಂತ ಖಾಸಗಿ ಪಡೆ) ಕಾಲದ ನೋವು ಇರುವ ಮನೆಯ ಮಕ್ಕಳೂ, ಅದರ ನಂತರದ ದಿನಗಳಲ್ಲಿ ತಮ್ಮವರನ್ನು ಕಳಕೊಂಡ ಮನೆಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ದನಿ ಏರಿಸಬೇಡಿ, ಇಬ್ಬರಿಗೂ ಮಾತಾಡಲು ಸಮಯ ಕೊಡಿ.

ಕೊನೆಗೆ "ಆತ ಒಳ್ಳೆಯವನಾ, ಕೆಟ್ಟವನಾ ಸರ್" ಎಂಬ ಪ್ರಶ್ನೆ ತಪ್ಪದು. ನಾನು ಉತ್ತರ ಹೇಳುವುದಿಲ್ಲ. ಒಂದೊಂದು ಚೀಟಿ ಕೊಟ್ಟು, ರಾಲಿಂಗ್ಸ್ ಎದುರಿಗೆ ಕೂತಿದ್ದರೆ ಏನು ಕೇಳುತ್ತೀರಿ, ಅದನ್ನು ಬರೆಯಿರಿ ಎನ್ನುತ್ತೇನೆ. ಕಳೆದ ಬ್ಯಾಚಿನಲ್ಲಿ ಬಂದ ಒಂದು ಚೀಟಿ ನನ್ನ ಡೈರಿಯಲ್ಲಿ ಇನ್ನೂ ಇದೆ. ನೀಲಿ ಪೆನ್ನಿನಲ್ಲಿ, ಒಂದೇ ಸಾಲು: "ಜೂನ್ 18ರಂದು ಜನ ಮತ ಹಾಕಿದ್ರಲ್ಲ, ಜೂನ್ 26ರವರನ್ನ ಹೊಸ ಸರ್ಕಾರದ ಕೋರ್ಟಿಗೆ ಯಾಕೆ ಬಿಡಲಿಲ್ಲ?"