ಹೊರದೇಶಕ್ಕೆ ಮಾಲು ಕಳಿಸೋ ಮುಂಚೆ ಬ್ರ್ಯಾಂಡ್ ಹೆಸರು ಭದ್ರ ಮಾಡ್ಕೊಳ್ಳೋದು ಹೇಗೆ

ಅಗರಬತ್ತಿ, ಕಾಫಿಪುಡಿ, ಮಸಾಲೆ, ಮರದ ಆಟಿಕೆ, ಹೀಗೆ ಏನೋ ಒಂದನ್ನ ದುಬೈಗೋ ಅಮೆರಿಕಕ್ಕೋ ಕಳಿಸೋಕೆ ಹೊರಟಿರೋ ಸಣ್ಣ ಉದ್ಯಮದವ್ರಿಗೆ ಇದನ್ನ ಬರೀತಿದೀನಿ. ಎಲ್ರೂ ಐಇಸಿ (ಆಮದು-ರಫ್ತಿಗೆ ಬೇಕಾದ ಕೋಡ್ ನಂಬರ್) ಮಾಡಿಸ್ತಾರೆ, ಒಳ್ಳೆ ಕಸ್ಟಮ್ಸ್ ಏಜೆಂಟ್ ಹುಡುಕ್ತಾರೆ, ಪ್ಯಾಕಿಂಗಿಗೆ ದುಡ್ಡು ಸುರೀತಾರೆ, ಬ್ರ್ಯಾಂಡ್ ಹೆಸರಿನ ವಿಷ್ಯಕ್ಕೆ ಬಂದ್ರೆ ಮಾತ್ರ ಇಲ್ಲಿ ಟ್ರೇಡ್‌ಮಾರ್ಕ್ ಆಗಿದ್ಯಲ್ಲ ಸಾಕು ಅಂತ ಸುಮ್ನಾಗ್ತಾರೆ. ಸಾಕಾಗಲ್ಲ. ಇಲ್ಲಿನ ರಿಜಿಸ್ಟ್ರೇಷನ್ ನಮ್ಮ ಗಡಿ ದಾಟಲ್ಲ. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಟ್ರಿಪ್ಸ್ ಅನ್ನೋ ಬೌದ್ಧಿಕ ಆಸ್ತಿ ಒಪ್ಪಂದದ ಪ್ರಕಾರ ಸದಸ್ಯ ದೇಶಗಳು ಟ್ರೇಡ್‌ಮಾರ್ಕಿಗೆ ಕನಿಷ್ಠ ಇಷ್ಟು ರಕ್ಷಣೆ ಅಂತ ಕೊಡ್ಲೇಬೇಕು, ನಕಲಿ ಮಾಲು ಬಂದ್ರೆ ಕಸ್ಟಮ್ಸಲ್ಲಿ ತಡೆಯೋ ವ್ಯವಸ್ಥೆನೂ ಇಡ್ಲೇಬೇಕು, ಆದ್ರೆ ಅಲ್ಲಿ ಹೋಗಿ ಅರ್ಜಿ ಹಾಕ್ಬೇಕಾದವ್ರು ನಾವೇ.

ಮೊದ್ಲು ಇಲ್ಲಿಂದ ಶುರು. ಟ್ರೇಡ್‌ಮಾರ್ಕ್ ಅರ್ಜಿಯ ಟಿಎಂ-ಎ ಫಾರ್ಮ್ ಆನ್‌ಲೈನಲ್ಲಿ ಹಾಕಿ, ಕರ್ನಾಟಕದ್ದೆಲ್ಲ ಚೆನ್ನೈ ಆಫೀಸಿಗೆ ಹೋಗತ್ತೆ. ಉದ್ಯಮ್ ಸರ್ಟಿಫಿಕೇಟ್ ಇರೋ ಸಣ್ಣ ಉದ್ಯಮಕ್ಕೆ ಒಂದು ಕ್ಲಾಸಿಗೆ, ಅಂದ್ರೆ ಒಂದು ವರ್ಗದ ಮಾಲಿಗೆ, 4,500 ರೂಪಾಯಿ. ಅಗರಬತ್ತಿ ಕ್ಲಾಸ್ 3, ಕಾಫಿಪುಡಿ ಮಸಾಲೆ 30, ಆಟಿಕೆ 28. ಅರ್ಜಿ ಯಾರ ಹೆಸರಲ್ಲಿ ಹಾಕ್ತೀರ ಅನ್ನೋದನ್ನ ಈಗ್ಲೇ ಯೋಚ್ನೆ ಮಾಡಿ, ಯಾಕಂದ್ರೆ ಅಪ್ಪನ ಹೆಸರಲ್ಲಿ ಟ್ರೇಡ್‌ಮಾರ್ಕ್, ಮಗನ ಪ್ರೈವೇಟ್ ಲಿಮಿಟೆಡ್ ಹೆಸರಲ್ಲಿ ಎಕ್ಸ್‌ಪೋರ್ಟ್ ಅಂತಾದ್ರೆ ಮುಂದೆ ಹೊರದೇಶಗಳಿಗೆ ಹಾಕೋ ಮ್ಯಾಡ್ರಿಡ್ ಅರ್ಜಿಯಲ್ಲಿ ತೊಂದ್ರೆ, ಇಲ್ಲಿನ ಅರ್ಜಿಗೂ ಆ ಅರ್ಜಿಗೂ ಅರ್ಜಿದಾರರು ಒಬ್ರೇ ಇರ್ಬೇಕು.

ಮ್ಯಾಡ್ರಿಡ್ ಅಂದ್ರೆ ವೈಪೋ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ನಡೆಸೋ ವ್ಯವಸ್ಥೆ, ಒಂದೇ ಅರ್ಜಿಯಲ್ಲಿ ಬೇಕಾದ ದೇಶಗಳನ್ನೆಲ್ಲ ಆರಿಸ್ಕೋಬಹುದು. ಭಾರತ ಇದಕ್ಕೆ ಸೇರಿದ್ದು 2013ರ ಜುಲೈ 8ಕ್ಕೆ. ಅಮೆರಿಕ, ಯುರೋಪಿಯನ್ ಯೂನಿಯನ್, ಚೀನಾ ಎಲ್ಲ ಇದಾವೆ, ಯುಎಇ 2021ರ ಕೊನೆಗೆ ಸೇರ್ತು. ಎಂಎಂ2 ಫಾರ್ಮ್, ನಮ್ಮ ರಿಜಿಸ್ಟ್ರಿ ಮೂಲಕವೇ ಹೋಗತ್ತೆ. ಇಲ್ಲಿ ರಿಜಿಸ್ಟರ್ ಆಗೋವರ್ಗೂ ಕಾಯ್ಬೇಕಿಲ್ಲ, ಅರ್ಜಿ ನಂಬರ್ ಇದ್ರೆ ಸಾಕು, ಅದ್ರಲ್ಲೂ ಇಲ್ಲಿ ಹಾಕಿದ 6 ತಿಂಗಳೊಳಗೆ ಅಲ್ಲಿ ಹಾಕಿದ್ರೆ ಇಲ್ಲಿನ ತಾರೀಖೇ ಅಲ್ಲೂ ಲೆಕ್ಕಕ್ಕೆ ಬರತ್ತೆ. ಬೇಸಿಕ್ ಫೀಸ್ ಕಪ್ಪು-ಬಿಳುಪು ಲೋಗೋಗೆ 653 ಸ್ವಿಸ್ ಫ್ರಾಂಕ್, ಕಲರ್ ಆದ್ರೆ 903, ಅದ್ರ ಮೇಲೆ ಪ್ರತಿ ದೇಶದ ಫೀಸ್ ಬೇರೆ. ಹಾಗಾಗಿ ಸುಮ್ನೆ ಹತ್ತು ದೇಶ ಟಿಕ್ ಮಾಡ್ಬೇಡಿ, ಮಾಲು ಹೋಗೋ ದೇಶ, ನಕಲಿ ತಯಾರಾಗೋ ದೇಶ, ಇವೆರಡನ್ನ ನೋಡಿ. ಹಣ ಕಟ್ಟೋಕೆ ಮುಂಚೆ ವೈಪೋದ ಗ್ಲೋಬಲ್ ಬ್ರ್ಯಾಂಡ್ ಡೇಟಾಬೇಸಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿ, ಫ್ರೀ.

ಒಂದು ಅಪಾಯ ಇದೆ. ಮೊದಲ 5 ವರ್ಷ ಹೊರಗಿನ ರಕ್ಷಣೆ ಇಲ್ಲಿನ ಅರ್ಜಿ ಮೇಲೇ ನಿಂತಿರತ್ತೆ, ಇಲ್ಲಿ ಯಾರಾದ್ರೂ ತಕರಾರು ಹಾಕಿ ಅರ್ಜಿ ಬಿದ್ದೋದ್ರೆ ಅಲ್ಲಿನ ರಕ್ಷಣೆನೂ ಬೀಳತ್ತೆ. ನಿಮ್ಮ ಹೆಸರಿಗೆ ಹತ್ತಿರದ ಹೆಸರು ಇಲ್ಲಿ ಈಗಾಗ್ಲೇ ಇದ್ರೆ ಮುಖ್ಯವಾದ ದೇಶದಲ್ಲಿ ನೇರವಾಗಿ ಹಾಕೋದೇ ವಾಸಿ.

ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ಡಿಸ್ಟ್ರಿಬ್ಯೂಟರ್ ವಿಷ್ಯಕ್ಕೆ. ಅಲ್ಲಿನ ಬೈಯರ್ ತುಂಬಾ ಪ್ರೀತಿಯಿಂದ, ನೀವ್ಯಾಕೆ ಓಡಾಡ್ತೀರ ಸರ್, ಒಂದು ಎನ್‌ಒಸಿ ಕೊಡಿ ನಾನೇ ನನ್ನ ಹೆಸರಲ್ಲಿ ರಿಜಿಸ್ಟರ್ ಮಾಡಿಸ್ತೀನಿ ಅಂತಾನೆ. ಕೊಡ್ಬೇಡಿ. ಆಮೇಲೆ ಬೈಯರ್ ಬದಲಾಯಿಸೋಕೆ ಹೋದ್ರೆ ನಿಮ್ಮ ಮಾಲೇ ಅಲ್ಲಿ ನಕಲಿ ಅಂತ ಅವ್ನು ಕಸ್ಟಮ್ಸಲ್ಲಿ ನಿಲ್ಲಿಸ್ಬಹುದು. ಟ್ರೇಡ್‌ಮಾರ್ಕ್, ಪೇಟೆಂಟ್ ಬಗ್ಗೆ ಇರೋ ಪ್ಯಾರಿಸ್ ಒಪ್ಪಂದದಲ್ಲಿ ಏಜೆಂಟ್ ಹೀಗೆ ಒಪ್ಪಿಗೆ ಇಲ್ದೆ ಮಾಡಿಸ್ಕೊಂಡ್ರೆ ರದ್ದು ಮಾಡ್ಸೋ ಹಕ್ಕಿದೆ, ನೀವೇ ಎನ್‌ಒಸಿ ಬರ್ಕೊಟ್ಟಿದ್ರೆ ಅದೂ ಕೈಗೆ ಬರಲ್ಲ. ಮೊದಲ ಇನ್‌ವಾಯ್ಸ್‌ಗೆ ಮುಂಚೆನೇ ಅಗ್ರಿಮೆಂಟಲ್ಲಿ ಹಾಕ್ಸಿ: ಬ್ರ್ಯಾಂಡು, ಲೋಗೋ, ಲೇಬಲ್ ಡಿಸೈನ್ ನಮ್ದು, ಬೈಯರ್ ಯಾವ ದೇಶದಲ್ಲೂ ರಿಜಿಸ್ಟರ್ ಮಾಡಿಸೋ ಹಾಗಿಲ್ಲ. ಚೀನಾದಲ್ಲಂತೂ ಮೊದ್ಲು ಅರ್ಜಿ ಹಾಕ್ದವ್ರಿಗೇ ಹೆಸರು, ಅಲ್ಲಿ ಚೀನೀ ಲಿಪಿಯ ಹೆಸರನ್ನೂ ಸೇರಿಸಿ ಹಾಕಿ.

ರಿಜಿಸ್ಟರ್ ಆದ್ಮೇಲೆ ಕೆಲಸ ಅರ್ಧ ಮಾತ್ರ ಆಗಿರತ್ತೆ. ಕಸ್ಟಮ್ಸಲ್ಲಿ ಬೇರೆಯಾಗಿ ನೋಂದಾಯಿಸ್ಬೇಕು. ಅಮೆರಿಕದಲ್ಲಿ ಒಂದು ಕ್ಲಾಸಿಗೆ 190 ಡಾಲರ್, ಯುರೋಪಲ್ಲಿ ಫೀಸಿಲ್ಲ. ಚೀನಾ ಕಸ್ಟಮ್ಸ್ ಹೊರಗೆ ಹೋಗೋ ಮಾಲನ್ನೂ ತಡೀತದೆ, ಅಂದ್ರೆ ನಕಲಿ ಹೊರಡೋ ಬಂದರಲ್ಲೇ ಸಿಕ್ಕಿಬೀಳಬಹುದು, ಅದಕ್ಕೇ ಅಲ್ಲಿನ ನೋಂದಣಿಗೆ ಅಷ್ಟು ಬೆಲೆ. ನಮ್ಮಲ್ಲಿ ನಕಲಿ ಮಾಲು ತಡೆಯೋ 2007ರ ಕಸ್ಟಮ್ಸ್ ನಿಯಮ ಒಳಗೆ ಬರೋ ಮಾಲಿಗೆ ಮಾತ್ರ. ಅರ್ಜಿ ಫೀಸ್ 2,000 ರೂಪಾಯಿ. ಮಾಲು ಸಿಕ್ಕಿದ್ರೆ ಅದರ ಮೌಲ್ಯದ 110 ಪರ್ಸೆಂಟಿಗೆ ಬಾಂಡ್, ಬಾಂಡಿನ ಕಾಲು ಭಾಗ ಸೆಕ್ಯುರಿಟಿ ಕೊಡ್ಬೇಕಾಗತ್ತೆ, ಅದಕ್ಕೆ ಒಂದಿಷ್ಟು ದುಡ್ಡು ತಯಾರಿಟ್ಕೊಳ್ಳಿ.

ಅರ್ಜಿ ಜೊತೆ ಕೊಡೋ ಫೋಟೋ ಶೀಟೇ ಇಲ್ಲಿ ಜೀವಾಳ. ಕಂಟೇನರ್ ತೆಗೆದು ನೋಡೋ ಆಫೀಸರಿಗೆ ನಿಮ್ಮ ಅಗರಬತ್ತಿ ವಾಸನೆ ಗೊತ್ತಿರಲ್ಲ, ಅವರ ಕಣ್ಣಿಗೆ ಕಾಣೋದು ಡಬ್ಬಿ. ಒಂದು ಕಡೆ ಅಸಲಿ, ಇನ್ನೊಂದು ಕಡೆ ನಕಲಿ ಇಟ್ಟು ಬಾಣ ಗುರ್ತು ಹಾಕಿ: ಡಬ್ಬಿ ಮುಚ್ಚಳದ ಮಡಿಕೆ, ಬ್ಯಾಚ್ ನಂಬರ್ ಪ್ರಿಂಟ್ ಮಾಡಿರೋ ಜಾಗ, ಬಾರ್‌ಕೋಡಿನ ಮೊದಲ ಅಂಕಿಗಳು, ಚಿನ್ನದ ಬಣ್ಣದ ಗೆರೆ ಎಲ್ಲಿ ನಿಲ್ಲತ್ತೆ ಅನ್ನೋದು. ನಿಮ್ಮ ಅಸಲಿ ಎಕ್ಸ್‌ಪೋರ್ಟರ್, ಇಂಪೋರ್ಟರ್ ಯಾರು, ಯಾವ ಬಂದರಿಂದ ಹೋಗತ್ತೆ ಅನ್ನೋ ಪಟ್ಟಿನೂ ಕೊಡಿ, ಪಟ್ಟಿಯಲ್ಲಿಲ್ಲದ ಹೆಸರಲ್ಲಿ ಮಾಲು ಬಂದ್ರೆ ಅವರಿಗೆ ಅನುಮಾನ ಬರೋಕೆ ಅಷ್ಟು ಸಾಕು. ಡಬ್ಬಿ ಡಿಸೈನ್ ಬದಲಾಯಿಸಿದಾಗೆಲ್ಲ ಶೀಟ್ ಅಪ್‌ಡೇಟ್ ಮಾಡಿ.

ಚನ್ನಪಟ್ಟಣ ಆಟಿಕೆ, ಮೈಸೂರು ಅಗರಬತ್ತಿ ಥರ ಜಿಐ (ಊರಿನ ಹೆಸರಿಗೆ ಸಿಗೋ ಭೌಗೋಳಿಕ ಗುರುತು) ಇದ್ರೆ ಅದೂ ತಾನಾಗೇ ಹೊರಗೆ ನಡೆಯಲ್ಲ. ಟ್ರಿಪ್ಸಲ್ಲಿ ಗಟ್ಟಿ ರಕ್ಷಣೆ ಇರೋದು ವೈನ್ ಮತ್ತು ಮದ್ಯಕ್ಕೆ, ಕುಶಲಕರ್ಮಿಗಳ ಮಾಲಿಗೆ ಗ್ರಾಹಕರು ಮೋಸ ಹೋಗ್ತಾರೆ ಅಂತ ನಾವು ತೋರಿಸ್ಬೇಕು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಭಾರತ ಬದಲಾವಣೆ ಕೇಳ್ತಾನೇ ಇದೆ. ಡಾರ್ಜಿಲಿಂಗ್ ಚಹಾ ಯುರೋಪಲ್ಲಿ 2011ರಲ್ಲಿ ಬೇರೆಯಾಗಿ ರಿಜಿಸ್ಟರ್ ಆಯ್ತು, ನಮ್ಮ ಸಂಘಗಳೂ ಆ ದಾರಿ ಹಿಡೀಬೇಕು, ಒಬ್ಬೊಬ್ಬರ ಕೈಲಿ ಆಗೋದಲ್ಲ.

ಅನುಮಾನದ ಮಾಲು ತಡೆದಿದೀವಿ ಅಂತ ಕಸ್ಟಮ್ಸಿಂದ ಮೇಲ್ ಬಂತು ಅಂದ್ರೆ ಟೈಮ್ ಓಡೋಕೆ ಶುರು. ಭಾರತದಲ್ಲಿ ಆ ಕೇಸಿಗೆ ಸೇರ್ಕೊಳ್ಳೋಕೆ 10 ಕೆಲಸದ ದಿನ, ಕೇಳಿದ್ರೆ ಇನ್ನೊಂದು 10, ಹಾಳಾಗೋ ಮಾಲಾದ್ರೆ 3, ಮತ್ತೆ 4. ಚೀನಾದಲ್ಲಿ 3 ಕೆಲಸದ ದಿನದಲ್ಲಿ ಉತ್ತರ ಹೋಗ್ಬೇಕು. ಅದಕ್ಕೆ ಅರ್ಜಿಯಲ್ಲಿ ಕೊಡೋ ಇಮೇಲ್, ಫೋನ್ ನಂಬರ್ ಎರಡೂ ದಿನಾ ನೋಡೋವ್ರದ್ದಾಗಿರ್ಲಿ, ಕೆಲಸ ಬಿಟ್ಟು ಹೋದ ಅಕೌಂಟೆಂಟ್‌ದು ಇದ್ರೆ ಇವತ್ತೇ ಬದಲಾಯಿಸಿ.