ಎಲೆಕ್ಟ್ರಿಕ್ ಸ್ಮೋಕರ್‌ನಲ್ಲಿ ಮೊದಲ ಸಲ ಮಾಂಸ ಬೇಯಿಸುವಾಗ

ಸ್ಮೋಕರ್ ಎಂದರೆ ಮರದ ಹೊಗೆ ಮತ್ತು ಹದವಾದ ಶಾಖದಲ್ಲಿ ಮಾಂಸ ಬೇಯಿಸುವ ಪೆಟ್ಟಿಗೆ. ಹೊಸ ಸ್ಮೋಕರ್‌ನಲ್ಲಿ ನೇರವಾಗಿ ಮಾಂಸ ಇಡಬೇಡಿ. ಮನೆಯ ಹೊರಗಿಟ್ಟು, 135 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಗಂಟೆ ಖಾಲಿ ಓಡಿಸಿ. ಕೊನೆಯ 45 ನಿಮಿಷಕ್ಕೆ ಮರದ ಚಕ್ಕೆ ಹಾಕಿ. ಕಾರ್ಖಾನೆಯ ಎಣ್ಣೆಯಂಶ ಸುಟ್ಟುಹೋಗುತ್ತದೆ.

ಮೊದಲ ಅಡುಗೆಗೆ ಕೋಳಿ ತೊಡೆಯೇ ಸರಿ, ಸ್ವಲ್ಪ ಹೆಚ್ಚು ಬೆಂದರೂ ಒಣಗುವುದಿಲ್ಲ. ತೇವ ಒರೆಸಿ, ಸ್ಮೋಕರ್ 120 ಡಿಗ್ರಿಗೆ ಕಾದ ಮೇಲೆ ಇಡಿ. ಮರದ ಚಕ್ಕೆ ಒಂದು ಹಿಡಿ ಸಾಕು. ಜಾಸ್ತಿ ಹಾಕಿ ಗಾಳಿಕಿಂಡಿ ಮುಚ್ಚಿದರೆ ದಟ್ಟ ಬಿಳಿ ಹೊಗೆ ಒಳಗೇ ನಿಂತು ಮಾಂಸ ಕಹಿಯಾಗುತ್ತದೆ. ಕಿಂಡಿ ತೆರೆದೇ ಇರಲಿ, ಹೊಗೆ ತೆಳುವಾಗಿರಲಿ. ಬಾಗಿಲನ್ನು ಪದೇ ಪದೇ ತೆರೆಯಬೇಡಿ, ಶಾಖ ಇಳಿಯುತ್ತದೆ.

ಬೆಂದಿದೆಯೇ ಎಂಬುದನ್ನು ಗಡಿಯಾರ ಹೇಳದು. ಥರ್ಮಾಮೀಟರನ್ನು ಮೂಳೆಗೆ ತಾಗದಂತೆ ಚುಚ್ಚಿ ನೋಡಿ: 74 ಡಿಗ್ರಿಗೆ ತಿನ್ನಲು ಸುರಕ್ಷಿತ, 80 ದಾಟಿದರೆ ತೊಡೆ ಇನ್ನೂ ಮೃದು. ಚರ್ಮ ರಬ್ಬರಿನಂತಿದ್ದರೆ ಬಿಸಿ ಓವನ್‌ನಲ್ಲಿ ಐದು ನಿಮಿಷ ಇಡಿ.