ಹೆದ್ದಾರಿ ವೇಗದಲ್ಲಿ ಕಾರು ನಡುಗುತ್ತಿದೆಯೇ? ದುಡ್ಡು ಸುರಿಯುವ ಮುನ್ನ ಹೀಗೆ ಪತ್ತೆ ಮಾಡಿ

ಊರೊಳಗೆ 40–50ರಲ್ಲಿ ಓಡಾಡುವಾಗ ಗಾಡಿಯದ್ದು ಏನೂ ತಕರಾರಿಲ್ಲ. ಹೆದ್ದಾರಿಗೆ ಇಳಿದು ಮುಳ್ಳು 80 ದಾಟಿತೋ, ಸ್ಟೇರಿಂಗ್ ಸಣ್ಣಗೆ ಅದುರಲು ಶುರು. 95ಕ್ಕೆ ಬರುವಷ್ಟರಲ್ಲಿ ಅಂಗೈ ಜುಮುಗುಟ್ಟುತ್ತದೆ, ಡ್ಯಾಶ್‌ಬೋರ್ಡ್ ಮೇಲಿಟ್ಟ ಮೊಬೈಲ್ ಗಡಗಡ ಎನ್ನುತ್ತದೆ. ಗ್ಯಾರೇಜಿಗೆ ಹೋಗಿ ‘ಗಾಡಿ ವಾಬ್ಲಿಂಗ್ ಹೊಡೀತಿದೆ’ ಎಂದರೆ ಸಾಮಾನ್ಯವಾಗಿ ಸಿಗುವ ಮೊದಲ ಉತ್ತರ, ‘ಅಲೈನ್‌ಮೆಂಟ್ ಮಾಡಿಸಿ ಸರ್’, ಅಂದರೆ ಚಕ್ರಗಳ ಕೋನ ಸರಿಪಡಿಸಿ ಎಂದು. ಅದಾದ ಮೇಲೆ ಟೈರ್, ಆಮೇಲೆ ಶಾಕ್ ಅಬ್ಸಾರ್ಬರ್. ಬಿಲ್ಲು ಬೆಳೆಯುತ್ತಾ ಹೋಗುತ್ತದೆ, ನಡುಕ ಮಾತ್ರ ಇದ್ದಲ್ಲೇ ಇರುತ್ತದೆ.

ಇದು ಬಹುತೇಕ ತಪ್ಪಿಸಬಹುದಾದ ಖರ್ಚು. ನಡುಕ ಯಾವ ವೇಗದಲ್ಲಿ ಬರುತ್ತದೆ, ಎಲ್ಲಿ ಬರುತ್ತದೆ, ನೀವು ಏನು ಮಾಡಿದಾಗ ಹೆಚ್ಚುತ್ತದೆ ಎಂಬ ಮೂರು ವಿಷಯ ಗೊತ್ತಾದರೆ ಸಂಶಯದ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ. ಇವನ್ನು ಕಂಡುಕೊಳ್ಳಲು ಗಾಡಿ ಓಡಿಸುವವರಿಗಿಂತ ಒಳ್ಳೆಯ ಸ್ಥಾನದಲ್ಲಿ ಯಾವ ಮೆಕ್ಯಾನಿಕ್ಕೂ ಇಲ್ಲ.

ಮೊದಲು ಒಂದು ಎಚ್ಚರಿಕೆ

ಚಕ್ರ ಬಿಚ್ಚಿ ಹಾಕಿದ ಮೇಲೆ, ಅಂದರೆ ಪಂಕ್ಚರ್ ಹಾಕಿಸಿದ ಅಥವಾ ಸರ್ವಿಸ್ ಮಾಡಿಸಿದ ಬೆನ್ನಿಗೇ ನಡುಕ ಶುರುವಾಗಿದ್ದರೆ ಮುಂದೆ ಓಡಿಸಬೇಡಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ವೀಲ್ ನಟ್‌ಗಳನ್ನು ನೋಡಿ. ಸಡಿಲ ನಟ್ ಇರುವ ಚಕ್ರ ಕಳಚಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಿಲ್ಲ. ಟೈರಿನ ಪಕ್ಕದ ಗೋಡೆಯಲ್ಲಿ (ಸೈಡ್‌ವಾಲ್) ಉಬ್ಬು ಕಂಡರೂ ಅಷ್ಟೇ: ಒಳಗಿನ ದಾರಗಳು ಹರಿದಿವೆ ಎಂದರ್ಥ, ಆ ಟೈರ್ ಹೆದ್ದಾರಿಗೆ ಅಲ್ಲ. ನಡುಕ ದಿನದಿಂದ ದಿನಕ್ಕೆ ಎದ್ದು ಕಾಣುವಷ್ಟು ಹೆಚ್ಚುತ್ತಿದ್ದರೂ ಪ್ರಯೋಗ ಬೇಡ, ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಒಯ್ಯಿರಿ.

ವೇಗಕ್ಕೂ ನಡುಕಕ್ಕೂ ಏನು ಸಂಬಂಧ?

ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ. 185/65 ಆರ್15 ಅಳತೆಯ ಟೈರಿನ ಸುತ್ತಳತೆ ಎರಡು ಮೀಟರಿಗೆ ಕೊಂಚ ಕಡಿಮೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 14 ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದು ಕಡೆ ಬರೀ 20 ಗ್ರಾಂ ತೂಕ ಹೆಚ್ಚಿದ್ದರೂ, ಆ ವೇಗದಲ್ಲಿ ಅದು ಸುಮಾರು 3 ಕಿಲೋ ಭಾರದಷ್ಟು ಬಲದಿಂದ ಚಕ್ರವನ್ನು ಹೊರಕ್ಕೆ ಎಳೆಯುತ್ತದೆ. ಅದೂ ಸೆಕೆಂಡಿಗೆ 14 ಸಲ ಮೇಲಕ್ಕೂ ಕೆಳಕ್ಕೂ. 50ರ ವೇಗದಲ್ಲಿ ಇದೇ ಬಲ ಮುಕ್ಕಾಲು ಕಿಲೋ ಮಾತ್ರ, ಏಕೆಂದರೆ ವೇಗ ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಊರೊಳಗೆ ಗೊತ್ತೇ ಆಗದ ದೋಷ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿ ದಾಟುವಷ್ಟರಲ್ಲಿ ಬಯಲಾಗುವುದು ಇದರಿಂದಲೇ.

ಇನ್ನೊಂದು ಸಂಗತಿಯೂ ಇದೆ. ಸಸ್ಪೆನ್ಷನ್ನಿಗೂ ಸ್ಟೇರಿಂಗಿಗೂ ಸಹಜವಾಗಿ ಅದುರುವ ಒಂದು ಗತಿ ಇರುತ್ತದೆ. ಚಕ್ರದ ಸುತ್ತು ಆ ಗತಿಗೆ ಹೊಂದಿಕೊಂಡ ವೇಗದಲ್ಲಿ ನಡುಕ ಉಲ್ಬಣಿಸುತ್ತದೆ, ಅದನ್ನು ದಾಟಿದರೆ ತುಸು ಇಳಿಯುತ್ತದೆ. ‘85ರಿಂದ 100ರ ನಡುವೆ ಮಾತ್ರ’ ಎಂದು ಚಾಲಕರು ಹೇಳುವುದು ಭ್ರಮೆಯಲ್ಲ. ಅದು ಚಕ್ರದ ಕಡೆ ಬೆರಳು ತೋರಿಸುವ ಬಲವಾದ ಸುಳಿವು.

ಹಂತ 1: ಓಡಿಸಿ, ಬರೆದುಕೊಳ್ಳಿ

ಬೆಳಗಿನ ಹೊತ್ತು, ದಟ್ಟಣೆ ಇಲ್ಲದ, ಡಾಂಬರು ಚೆನ್ನಾಗಿರುವ ನೇರ ರಸ್ತೆ ಆರಿಸಿಕೊಳ್ಳಿ. ಕಾಂಕ್ರೀಟ್ ರಸ್ತೆ ಬೇಡ, ಅದರ ಗೆರೆಗಳೇ ಅದುರಿಸುತ್ತವೆ. ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ, ಬರೆಯುವ ಕೆಲಸ ಅವರದ್ದು. ವೇಗಮಿತಿ ಮೀರುವ ಅಗತ್ಯ ಯಾವ ಪರೀಕ್ಷೆಗೂ ಇಲ್ಲ.

ನಡುಕ ಶುರುವಾದ ವೇಗ, ಜೋರಾದ ವೇಗ ಎರಡನ್ನೂ ಗುರುತು ಹಾಕಿ. ಸ್ಟೇರಿಂಗ್ ಎಡಬಲಕ್ಕೆ ಅದುರಿದರೆ ದೋಷ ಹೆಚ್ಚಾಗಿ ಮುಂದಿನ ಚಕ್ರಗಳದ್ದು. ಸ್ಟೇರಿಂಗ್ ಸುಮ್ಮನಿದ್ದು ಸೀಟು, ನೆಲ ಅದುರಿದರೆ ಹಿಂದಿನ ಚಕ್ರ ಅಥವಾ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಶಾಫ್ಟ್.

ಈಗ ಅದೇ ವೇಗದಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ನಡುಕ ಮುಂದುವರಿದರೆ ಚಕ್ರ. ತಟ್ಟನೆ ನಿಂತು, ಕಾಲಿಟ್ಟ ಕೂಡಲೇ ಮತ್ತೆ ಬಂದರೆ ಡ್ರೈವ್ ಶಾಫ್ಟ್ ಮೇಲೆ ಅನುಮಾನ ಪಡಿ. ಮೆಲ್ಲಗೆ ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ.

ಕೊನೆಯದಾಗಿ, ವೇಗ 80ರಲ್ಲೇ ಇರಲಿ, ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸಿ. ಎಂಜಿನ್ ಸುತ್ತು ಏರಿತು, ಚಕ್ರದ ಸುತ್ತು ಅಷ್ಟೇ ಉಳಿಯಿತು. ನಡುಕದಲ್ಲಿ ಬದಲಾವಣೆ ಇಲ್ಲವೆಂದರೆ ಎಂಜಿನ್ ನಿರಪರಾಧಿ. ಗೇರ್ ಬದಲಾದಂತೆ ನಡುಕವೂ ಬದಲಾದರೆ ಎಂಜಿನ್ ಮೌಂಟ್ (ಎಂಜಿನ್ ಕೂರಿಸಿದ ರಬ್ಬರ್ ಆಸರೆ) ನೋಡಿಸಬೇಕು. ಈ ಪರೀಕ್ಷೆಗಾಗಿ ಹೆದ್ದಾರಿಯಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಬೇಡಿ. ಎಂಜಿನ್ನಿನ ಹಿಡಿತ ತಪ್ಪುತ್ತದೆ, ಗೇರ್ ಇಳಿಸಿ ನೋಡಿದರೆ ಅದೇ ಉತ್ತರ ಸಿಗುತ್ತದೆ.

ಹಂತ 2: ಪುಕ್ಕಟೆ ತಪಾಸಣೆ

ಟೈರ್ ತಣ್ಣಗಿರುವಾಗ ಗಾಳಿ ನೋಡಿ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಟೈರಿನ ಮೇಲೆಯೇ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ತುಂಬಬಾರದು.

ಆಮೇಲೆ ಬಗ್ಗಿ, ರಿಮ್ಮಿನ ಒಳಮುಖಕ್ಕೆ ಟಾರ್ಚ್ ಹಿಡಿಯಿರಿ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಹೋಗಿಬಂದ ಗಾಡಿಗಳಲ್ಲಿ, ತೋಟದ ಮಣ್ಣುದಾರಿ ತುಳಿದ ಗಾಡಿಗಳಲ್ಲಿ ಇಲ್ಲಿ ಅಂಗೈ ಅಗಲದ ಕೆಂಪು ಕೆಸರು ಒಣಗಿ ಕೂತಿರುತ್ತದೆ. ಹೊರಗಿನಿಂದ ತೊಳೆದರೆ ಇದು ಹೋಗುವುದಿಲ್ಲ. 20 ಗ್ರಾಂ ಮಾಡುವ ಕೆಲಸವನ್ನು ಮೇಲೆ ನೋಡಿದಿರಿ. ಈ ಹೆಂಟೆ ಅದರ ಹಲವು ಪಟ್ಟು ತೂಗಬಲ್ಲದು. ನೆನೆಸಿ, ಮರದ ಕಡ್ಡಿಯಿಂದ ಕೆರೆದು ತೆಗೆದು ಮತ್ತೆ ಓಡಿಸಿ ನೋಡಿ. ಎಷ್ಟೋ ನಡುಕಗಳ ಕಥೆ ಇಲ್ಲಿಗೇ ಮುಗಿಯುತ್ತದೆ.

ರಿಮ್ಮಿನ ಮೇಲೆ ಗೋಂದಿನ ಪಟ್ಟಿಯ ಗುರುತು ಉಳಿದು ತೂಕದ ತುಂಡು ಕಾಣದಿದ್ದರೆ, ಚಕ್ರದ ತೂಕ ಸುತ್ತಲೂ ಸಮ ಮಾಡಲು ಅಂಟಿಸುವ ಬ್ಯಾಲೆನ್ಸಿಂಗ್ ತುಂಡು ಉದುರಿದೆ. ಟ್ರೆಡ್ (ಟೈರಿನ ರಸ್ತೆಗೆ ತಾಗುವ ಮೇಲ್ಮೈ) ಮೇಲೆ ಅಂಗೈ ಆಡಿಸಿ. ಅಲೆಅಲೆಯಾಗಿ ಏರುತಗ್ಗು ಸಿಕ್ಕರೆ ಟೈರ್ ಅಡ್ಡಾದಿಡ್ಡಿ ಸವೆದಿದೆ. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಟೈರ್ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿರುತ್ತದೆ. 20–30 ಕಿ.ಮೀ. ಓಡಿ ಬಿಸಿಯಾದ ಮೇಲೆ ಸರಿಹೋಗುವುದು ಹೆಚ್ಚು. ಟೈರಿನ ವಯಸ್ಸನ್ನೂ ನೋಡಿಬಿಡಿ: ಪಕ್ಕದ ಗೋಡೆಯ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದ್ದು.

ಹಂತ 3: ಹಿಂದಿನದು ಮುಂದಕ್ಕೆ, ಮುಂದಿನದು ಹಿಂದಕ್ಕೆ

ನಾಲ್ಕೂ ಚಕ್ರ ಒಂದೇ ಅಳತೆಯವಾದರೆ ಅದೇ ಪಕ್ಕದ ಮುಂದಿನ, ಹಿಂದಿನ ಚಕ್ರಗಳನ್ನು ಅದಲುಬದಲು ಮಾಡಿ. ಸ್ಟೇರಿಂಗ್ ನಡುಕ ಸೀಟಿಗೆ ವರ್ಗವಾದರೆ ದೋಷ ಚಕ್ರದಲ್ಲೇ ಇದೆ ಎಂಬುದು ಖಾತ್ರಿ. ಎಷ್ಟು ಬದಲಿಸಿದರೂ ಸ್ಟೇರಿಂಗಿನಲ್ಲೇ ಉಳಿದರೆ ಹಬ್ (ಚಕ್ರ ಕೂರುವ ನಡುಭಾಗ), ಬೇರಿಂಗ್, ಜಾಯಿಂಟ್‌ಗಳ ಕಡೆ ನೋಡಬೇಕು. ಸ್ಟೆಪ್ನಿ ಹಾಕಿ ಪರೀಕ್ಷಿಸುವವರು ಒಂದು ಗಮನಿಸಲಿ: ಈಗಿನ ಎಷ್ಟೋ ಕಾರುಗಳಲ್ಲಿ ಅದು ಸಣ್ಣ ಅಳತೆಯದ್ದು, ವೇಗ ಗಂಟೆಗೆ 80 ಕಿ.ಮೀ. ಮೀರಬಾರದು ಎಂದು ಅದರ ಮೇಲೆಯೇ ಬರೆದಿರುತ್ತದೆ.

ಹಂತ 4: ಬ್ಯಾಲೆನ್ಸಿಂಗ್ ಕಣ್ಣೆದುರೇ ಆಗಲಿ

ಅಲೈನ್‌ಮೆಂಟ್ ಬೇರೆ, ಬ್ಯಾಲೆನ್ಸಿಂಗ್ ಬೇರೆ. ಅಲೈನ್‌ಮೆಂಟ್ ತಪ್ಪಿದ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟೈರಿನ ಒಂದು ಅಂಚನ್ನು ತಿನ್ನುತ್ತದೆ. ಅದೊಂದರಿಂದಲೇ ಈ ಬಗೆಯ ನಡುಕ ಬರುವುದಿಲ್ಲ. ಹಾಗಾಗಿ ಮೊದಲು ಮಾಡಿಸಬೇಕಾದ್ದು ಬ್ಯಾಲೆನ್ಸಿಂಗ್, ನಾಲ್ಕೂ ಚಕ್ರಗಳದ್ದು.

ಯಂತ್ರದ ಪಕ್ಕ ನಿಂತು ನೋಡಿ. ಚಕ್ರದ ಮಣ್ಣು ತೆಗೆದು, ಹಳೆಯ ತೂಕಗಳನ್ನೆಲ್ಲ ಕಿತ್ತು, ನಡುವಿನ ರಂಧ್ರಕ್ಕೆ ಸರಿಹೊಂದುವ ಕೋನ್ ಹಾಕಿ ಬಿಗಿಯಬೇಕು. ತಿರುಗಿಸಿದಾಗ ಪರದೆಯ ಮೇಲೆ ಒಳಮುಖಕ್ಕೊಂದು, ಹೊರಮುಖಕ್ಕೊಂದು ಅಂಕಿ ಬರುತ್ತದೆ. ತೂಕ ಅಂಟಿಸಿ ಮತ್ತೆ ತಿರುಗಿಸಿ ಎರಡೂ ಸೊನ್ನೆ ಆದ ಮೇಲೆ ಹುಡುಗ ಚಕ್ರ ಇಳಿಸಲು ಹೊರಡುತ್ತಾನೆ. ಆಗ ಒಂದು ಮಾತು ಕೇಳಿ: ‘ಸ್ವಲ್ಪ ಸಡಿಲ ಮಾಡಿ, ಚಕ್ರ ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಇನ್ನೊಮ್ಮೆ ಓಡಿಸಿ ನೋಡಪ್ಪ.’ ಈಗಲೂ ಸೊನ್ನೆಯ ಆಸುಪಾಸಿದ್ದರೆ ಕೆಲಸ ನೇರವಾಗಿದೆ. 15–20 ಗ್ರಾಂ ತೋರಿಸಿದರೆ ಚಕ್ರ ಯಂತ್ರದ ಮೇಲೆ ನಡುಮಧ್ಯೆ ಕೂತೇ ಇರಲಿಲ್ಲ; ಮೊದಲಿನ ಸೊನ್ನೆಗೆ ಬೆಲೆಯಿಲ್ಲ.

ಹಂತ 5: ರಿಮ್ ನೆಟ್ಟಗಿದೆಯೇ?

ಬ್ಯಾಲೆನ್ಸಿಂಗ್ ಆದಮೇಲೂ ನಡುಗುವ ಗಾಡಿಗಳಲ್ಲಿ ಹೆಚ್ಚು ತಪ್ಪಿಹೋಗುವುದು ಇದೇ. ಬೆಂಡಾದ ರಿಮ್ಮಿಗೂ, ಒಳಪದರ ಬಿಟ್ಟ ಟೈರಿಗೂ ತೂಕ ಅಂಟಿಸಿ ಸೊನ್ನೆ ತರಿಸಬಹುದು. ತೂಕ ಸಮವಾಯಿತು, ಆಕಾರ ಸಮವಾಗಲಿಲ್ಲ. ಮೊಟ್ಟೆಯಂತಾದ ಚಕ್ರ ಎಷ್ಟು ಸಮತೂಕವಿದ್ದರೂ ರಸ್ತೆಯ ಮೇಲೆ ಎತ್ತಿ ಕುಕ್ಕುತ್ತಲೇ ಹೋಗುತ್ತದೆ.

ಪತ್ತೆ ಮಾಡುವುದು ಸುಲಭ. ಚಕ್ರ ಯಂತ್ರದ ಮೇಲಿರುವಾಗಲೇ ರಿಮ್ಮಿನ ಅಂಚಿಗೆ ತಾಗೀತಾಗದಂತೆ ಸ್ಕ್ರೂಡ್ರೈವರ್ ತುದಿಯನ್ನು ಯಾವುದಾದರೂ ಆಸರೆಗೆ ಒತ್ತಿಹಿಡಿದು, ಕೈಯಿಂದ ನಿಧಾನವಾಗಿ ಚಕ್ರ ತಿರುಗಿಸಿ. ತುದಿಗೂ ಅಂಚಿಗೂ ನಡುವಿನ ಸಂದು ಸುತ್ತಿನುದ್ದಕ್ಕೂ ಒಂದೇ ಸಮ ಇರಬೇಕು. ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಹಿಗ್ಗಿದರೆ, ಆ ವ್ಯತ್ಯಾಸ ಸುಮಾರು 1 ಮಿ.ಮೀ. ದಾಟಿದರೆ ರಿಮ್ ಸಂಶಯಾಸ್ಪದ. ಒಳಗಿನ ಅಂಚನ್ನು ಮರೆಯಬೇಡಿ, ಗುಂಡಿಗೆ ಬಿದ್ದಾಗ ಹೆಚ್ಚಾಗಿ ಬಾಗುವುದು ಅದೇ, ಹೊರಗಿನಿಂದ ಕಾಣುವುದೂ ಇಲ್ಲ. ಟ್ರೆಡ್ ಮೇಲೂ ಹೀಗೇ ನೋಡಿ. ರಿಮ್ ನೆಟ್ಟಗಿದ್ದು ಟ್ರೆಡ್ ಮಾತ್ರ ಏರಿಳಿದರೆ ಟೈರ್ ಕೆಟ್ಟಿದೆ.

ಕಬ್ಬಿಣದ ರಿಮ್ಮಿನ ಬೆಂಡ್ ತೆಗೆಯಬಹುದು. ಅಲಾಯ್ ರಿಮ್ಮಿನಲ್ಲಿ ಸಣ್ಣ ಬೆಂಡ್ ತೆಗೆಯುವವರಿದ್ದಾರೆ, ಆದರೆ ಕಾಯಿಸಿ ಬಡಿದ ಅಲಾಯ್ ಬಿರುಕು ಬಿಡುವ ಅಪಾಯವಿದೆ. ಕೂದಲೆಳೆಯಷ್ಟು ಬಿರುಕಿದ್ದರೂ ವೆಲ್ಡಿಂಗ್ ಮಾಡಿಸಿ ಹೆದ್ದಾರಿಗೆ ಇಳಿಯುವುದು ನನ್ನ ಪ್ರಕಾರ ಸಲ್ಲದು, ಹೊಸ ರಿಮ್ ತನ್ನಿ.

ಹೊರಗಿನಿಂದ ಕೊಂಡ ಅಲಾಯ್ ಆದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಹಲವು ಕಾರುಗಳಿಗೆ ಹೊಂದಲೆಂದು ಇವುಗಳ ನಡುವಿನ ರಂಧ್ರವನ್ನು ದೊಡ್ಡದಾಗಿ ಕೊರೆದಿರುತ್ತಾರೆ. ಆ ಸಂದು ತುಂಬಲು ಹಬ್ ರಿಂಗ್ ಬೇಕು. ಅದಿಲ್ಲದಿದ್ದರೆ ಯಂತ್ರದ ಮೇಲೆ ಕೋನ್ ಹಿಡಿದಿದ್ದ ಚಕ್ರ ಸೊನ್ನೆ ತೋರಿಸುತ್ತದೆ, ಗಾಡಿಗೆ ಹಾಕಿದಾಗ ನಡು ತಪ್ಪಿ ಕೂರುತ್ತದೆ. ಅಲಾಯ್ ಹಾಕಿಸಿದ ದಿನದಿಂದಲೇ ನಡುಕ ಇದ್ದರೆ ಮೊದಲು ನೋಡಬೇಕಾದ್ದು ಇದು.

ಚಕ್ರ ಬಿಚ್ಚಿದಾಗ ಹಬ್ಬಿನ ಮುಖದ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿಸಿ. ನಟ್‌ಗಳನ್ನು ಮೊದಲು ಕೈಯಲ್ಲೇ ಕೂರಿಸಿ, ಎದುರುಬದುರು ಕ್ರಮದಲ್ಲಿ ಬಿಗಿಯಬೇಕು. ಏರ್ ಗನ್ನಿನಲ್ಲಿ ಒಂದಾದ ಮೇಲೊಂದು ‘ಗರ್ರ್’ ಎನಿಸಿ ಮುಗಿಸಿದರೆ ಚಕ್ರ ಓರೆ ಕೂರಬಹುದು.

ಹಂತ 6: ಬ್ರೇಕ್

ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ಅದುರಿ, ಪೆಡಲ್ ಕಾಲಿಗೆ ಕುಟ್ಟಿದಂತಾದರೆ ಡಿಸ್ಕಿನ ದಪ್ಪ ಎಲ್ಲೆಡೆ ಒಂದೇ ಸಮ ಉಳಿದಿಲ್ಲ. ಡಿಸ್ಕ್ ಸ್ಕಿಮ್ಮಿಂಗ್ (ಮೇಲ್ಮೈ ತರಿದು ಸಮ ಮಾಡುವುದು) ಮಾಡಿಸುವ ಮುನ್ನ ಕನಿಷ್ಠ ದಪ್ಪ ಎಷ್ಟೆಂದು ನೋಡಿಸಿ, ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತದೆ. ಅದಕ್ಕಿಂತ ತೆಳುವಾದರೆ ಹೊಸದೇ ಗತಿ, ಅದೂ ಎಡಬಲ ಜೋಡಿಯಾಗಿ. ಬ್ರೇಕ್ ಒತ್ತದೆಯೂ ಒಂದು ಚಕ್ರ ಮಾತ್ರ ಬಿಸಿಯಾಗುತ್ತಿದ್ದರೆ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಜಾಮ್ ಆಗಿದೆ. ಗಾಡಿ ನಿಲ್ಲಿಸಿದ ಕೂಡಲೇ ಪ್ರತಿ ರಿಮ್ಮಿನ ಹತ್ತಿರ ಅಂಗೈ ಒಯ್ದರೆ ತಿಳಿಯುತ್ತದೆ, ಡಿಸ್ಕ್ ಮುಟ್ಟಬೇಡಿ.

ಹಂತ 7: ಇನ್ನೂ ಸಿಗಲಿಲ್ಲವೆಂದರೆ

ಇಲ್ಲಿಂದ ಮುಂದೆ ಲಿಫ್ಟ್ ಇರುವ ಗ್ಯಾರೇಜ್ ಬೇಕು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತೂರಬಾರದು. ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ ಸಿಕ್ಕರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡಬಲಕ್ಕೆ ಮಾತ್ರ ಸಿಕ್ಕರೆ ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್. ಬೇರಿಂಗ್ ಹೋಗಿದ್ದರೆ ‘ಗುಂಯ್’ ಎನ್ನುವ ಸದ್ದೂ ಇರುತ್ತದೆ, ತಿರುವಿನಲ್ಲಿ ಅದು ಏರಿಳಿಯುತ್ತದೆ. ವೇಗ ಏರಿಸುವಾಗ ಮಾತ್ರ ಗಾಡಿ ನಡುಗಿದರೆ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಸವೆದಿರುತ್ತದೆ.

ಇನ್ನೋವಾ ಕ್ರಿಸ್ಟಾ, ಬೊಲೆರೊ, ಸ್ಕಾರ್ಪಿಯೊದಂಥ ಗಾಡಿಗಳಲ್ಲಿ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಇದೆ. ಚಕ್ರ ಒಂದು ಸುತ್ತು ಹಾಕುವಷ್ಟರಲ್ಲಿ ಇದು ಹೆಚ್ಚುಕಡಿಮೆ ನಾಲ್ಕು ಸುತ್ತು ಹಾಕುವುದರಿಂದ ಇದರ ನಡುಕ ಕುಲುಕಾಟವಲ್ಲ, ನೆಲದಲ್ಲಿ ಝೇಂಕರಿಸುವಂಥದ್ದು. ಕ್ರಾಸ್ (ಶಾಫ್ಟಿನ ಕೀಲು), ನಡುವಿನ ಬೇರಿಂಗ್ ನೋಡಿಸಿ. ಇತ್ತೀಚೆಗೆ ಶಾಫ್ಟ್ ಬಿಚ್ಚಿದ್ದರೆ ಹಳೆಯ ಗುರುತಿಗೆ ಸರಿಯಾಗಿ ಜೋಡಿಸಿದ್ದಾರೆಯೇ ಕೇಳಿ.

ಶಾಕ್ ಅಬ್ಸಾರ್ಬರ್ ನಡುಕ ಹುಟ್ಟಿಸುವುದಿಲ್ಲ, ಹುಟ್ಟಿದ ನಡುಕವನ್ನು ತಡೆಯುವುದು ಅದರ ಕೆಲಸ. ಎಣ್ಣೆ ಸೋರಿದ್ದರೆ ಬದಲಿಸಿ, ಸೋರದಿದ್ದರೆ ಪಟ್ಟಿಯ ಕೊನೆಯಲ್ಲಿರಲಿ.

ಗ್ಯಾರೇಜಿನಲ್ಲಿ ‘ನಡುಕ ಇದೆ ನೋಡಿ’ ಎನ್ನುವ ಬದಲು ಬರೆದುಕೊಂಡದ್ದನ್ನು ಓದಿ ಹೇಳಿ: ‘85ಕ್ಕೆ ಶುರುವಾಗುತ್ತದೆ, ಸ್ಟೇರಿಂಗಿನಲ್ಲಿ, ಕಾಲು ತೆಗೆದರೂ ಇರುತ್ತದೆ, ಬ್ರೇಕಿಗೆ ಸಂಬಂಧವಿಲ್ಲ, ಚಕ್ರ ಹಿಂದೆಮುಂದೆ ಮಾಡಿದಾಗ ಸೀಟಿಗೆ ಬಂತು.’ ಒಂದು ಸಲಕ್ಕೆ ಒಂದೇ ರಿಪೇರಿ ಮಾಡಿಸಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿ, ಆಮೇಲಷ್ಟೇ ಮುಂದಿನದು. ಚಕ್ರ ಬಿಚ್ಚಿಸಿದ್ದರೆ 50–100 ಕಿ.ಮೀ. ಓಡಿದ ಮೇಲೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು ನಟ್‌ಗಳ ಬಿಗಿ ಇನ್ನೊಮ್ಮೆ ಪರೀಕ್ಷಿಸಿ. ನಿಮ್ಮ ಗಾಡಿಗೆ ಎಷ್ಟು ನ್ಯೂಟನ್ ಮೀಟರ್ ಎಂಬುದು ಕೈಪಿಡಿಯಲ್ಲಿದೆ.